ಪೀಟಿ ಅಕ್ಕಾರು ಬರೆದ ಹೆಣ್ಣು

ಪೀಟಿ ಅಕ್ಕಾರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಗದಗಿನ ಬಸ್ ಸ್ಟ್ಯಾಂಡಿನಲ್ಲಿ, ಲಕ್ಷ್ಮೇಶ್ವರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ. ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೋ ಹಾಕಿದ್ದರು. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು, ಸುದ್ದಿ ಯಾವತ್ತಾದರೂ ಬರುವುದೇ ಇತ್ತು. ಆದರೆ ಅದನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದ ಮಾತು ಬೇರೆಯೇ. 'ಇನ್ನ ಮ್ಯಾಲ ಯಾರೂ ನನ್ನನ್ನ ಇವರ ಪಕ್ಕಕ್ಕಿಟ್ಟು ನೋಡಂಗಿಲ್ಲ' ಅಂದುಕೊಂಡೆ. ಅಳು ಬಂದದ್ದು ಆಮೇಲೆ, ಬಸ್ಸು ಮುಳಗುಂದ ದಾಟಿದ ಮೇಲೆ. ಎರಡೂ ಖರೆ. ಮೊದಲು ಬಂದದ್ದು ಯಾವುದು ಎಂಬುದನ್ನು ಮುಚ್ಚಿಟ್ಟು ಅವರ ಬಗ್ಗೆ ಬರೆದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕಾರು ಅನ್ನುತ್ತಾರೆ. ಲಕ್ಷ್ಮೇಶ್ವರದ ಹುಡುಗಿಯರ ಹೈಸ್ಕೂಲಿನಲ್ಲಿ ನಾನು ಕನ್ನಡ ಅಕ್ಕಾರು, ಅವರು ಪೀಟಿ ಅಕ್ಕಾರು. ನಾನು ದಿನಾ ಬೆಟಗೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವರು ಶಿಗ್ಲಿಯಿಂದ ಮೊದಮೊದಲು ಸೈಕಲ್ ಮೇಲೆ, ಆಮೇಲೆ ಒಂದು ಹಳೆಯ ಸ್ಕೂಟಿಯ ಮೇಲೆ ಬರುತ್ತಿದ್ದರು. ಹದಿನಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕುಂತೆವು. ಕುಂತೆವು ಅನ್ನುವುದು ತಪ್ಪು. ನಾನು ಕುಂತೆ, ಅವರು ನಿಂತಿರುತ್ತಿದ್ದರು. ರೊಟ್ಟಿಯನ್ನು ಪಲ್ಯದ ಸಮೇತ ಸುರುಳಿ ಸುತ್ತಿ, ಕಿಟಕಿಯ ಹತ್ತಿರ ನಿಂತು, ಗ್ರೌಂಡಿನ ಕಡೆ ನೋಡುತ್ತ ತಿನ್ನುವುದು ಅವರ ರೂಢಿ. ಎತ್ತರದ ಹೆಂಗಸಲ್ಲ. ಅಗಲ ಪಾದ, ನಡೆದರೆ ಸಪ್ಪಳವಿಲ್ಲ. ಯಾರದಾದರೂ ಡಬ್ಬಿಯ ಮುಚ್ಚಳ ಬಿಗಿಯಾದರೆ ಅದು ತಾನಾಗಿಯೇ ಅವರ ಕೈಗೆ ಹೋಗುತ್ತಿತ್ತು. ಅವರು ಮಾತು ನಿಲ್ಲಿಸದೆ ಒಮ್ಮೆ ತಿರುವಿ ವಾಪಸು ಕೊಡುತ್ತಿದ್ದರು.

ಅವರ ಅಪ್ಪ ಶಿಗ್ಲಿಯಲ್ಲಿ ಗರಡಿ ನಡೆಸುತ್ತಿದ್ದವರು. ಗಂಡುಮಕ್ಕಳಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಕಾಲ ಅದಲ್ಲ. ಆದರೆ ಗರಡಿಯ ಮಣ್ಣನ್ನು ಸೋಸಿ, ಎಣ್ಣೆ ಅರಿಸಿನ ಮಜ್ಜಿಗೆ ಹಾಕಿ ಕಲಸುವ ಕೆಲಸ ಇವರದಾಗಿತ್ತು. ಮೂಲೆಯಲ್ಲಿ ಜರಡಿ ಹಿಡಿದು ಕೂತು ಹತ್ತು ವರ್ಷ ನೋಡಿದ್ದರು. ಹೊಸಬರು ಯಾರಾದರೂ "ನೀವು ಪೈಲ್ವಾನರಂತಲ್ರೀ" ಎಂದು ಕೇಳಿದರೆ, "ಕುಸ್ತಿ ಹಿಡದಾಕಿ ಅಲ್ಲರಿ ನಾ, ಮಣ್ಣು ಸೋಸಿದಾಕಿ" ಅನ್ನುತ್ತಿದ್ದರು.

ಪ್ರತಿ ವರ್ಷ ಶಾಲೆ ಸುರುವಾದಾಗ ಎಂಟನೇ ಇಯತ್ತೆಯ ಹುಡುಗಿಯರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಬೀಳುವುದನ್ನು. ಒಂದು ವಾರ ಬರೀ ಬೀಳುವುದೇ. ಬಲಕ್ಕೆ, ಎಡಕ್ಕೆ, ಮುಂದಕ್ಕೆ, ಗದ್ದ ಎದೆಗೆ ಒತ್ತಿಕೊಂಡು ಹಿಂದಕ್ಕೆ. ಯುನಿಫಾರ್ಮು ಹೊಲಸಾಗುತ್ತದೆ ಎಂದು ತಾಯಂದಿರು ಬಂದು ಜಗಳ ತೆಗೆದರು. ಹೆಡ್‌ಮಾಸ್ತರರು ಕರೆಸಿ ಕೇಳಿದಾಗ ನಾನು ಅಲ್ಲೇ ಇದ್ದೆ.

"ಬೀಳೂದು ಬರಲಿಲ್ಲಂದ್ರ ಓಡೂದು ಬರೂದಿಲ್ಲ ಸರ್. ಬೀಳ್ತೀನಂತ ಹೆದರಿದಾಕಿ ಅರ್ಧಾನ ಓಡ್ತಾಳ" ಅಂದರು.

ನನಗೆ ಆ ಮಾತು ಬಹಳ ಚೆನ್ನಾಗಿ ಕಂಡಿತು. ಎಷ್ಟು ಚೆನ್ನಾಗಿ ಎಂದರೆ, ಆ ವಾರವೇ ಅದನ್ನು ನನ್ನ ಧಾರಾವಾಹಿಯಲ್ಲಿ ನನ್ನ ನಾಯಕಿಯ ಬಾಯಿಗೆ ಹಾಕಿದೆ. ಅವರನ್ನು ಕೇಳಲಿಲ್ಲ.

ನನ್ನ ನಾಯಕಿಯ ಬಗ್ಗೆ ಹೇಳಬೇಕು. ನಾನು ಆಗ ಒಂದು ವಾರಪತ್ರಿಕೆಗೆ ಸಾಹಸದ ಕಾದಂಬರಿ ಬರೆಯುತ್ತಿದ್ದೆ. ನಾಲ್ಕು ಪುಸ್ತಕಗಳಾಗಿದ್ದವು, ನಾಲ್ಕರಲ್ಲೂ ನಾಯಕಿ ಒಬ್ಬಳೇ, ಒಬ್ಬ ಲೇಡಿ ಇನ್‌ಸ್ಪೆಕ್ಟರ್. ಕಂಪೌಂಡ್ ಹಾರುತ್ತಾಳೆ, ಏಳು ಜನರನ್ನು ಒಬ್ಬಳೇ ಹೊಡೆದು ಕೆಡವುತ್ತಾಳೆ, ಹೆರಳಿನ ಒಂದು ಎಳೆ ಬಿಚ್ಚುವುದಿಲ್ಲ. ಹೆಣ್ಣನ್ನು ಅಳುವವಳಾಗಿ ತೋರಿಸಬಾರದು ಎಂಬ ಹಟ ನನಗಿತ್ತು. ಓದುಗರ ಪತ್ರಗಳು ಬರುತ್ತಿದ್ದವು. ಶಾಲೆಯ ಯಾವ ಸಮಾರಂಭವಾದರೂ "ನಮ್ಮ ಲೇಖಕಿಯವರು" ಎಂದು ನನ್ನನ್ನು ವೇದಿಕೆಗೆ ಕರೆಯುತ್ತಿದ್ದರು. ಆ ಕರೆಯನ್ನು ಕೇಳಿಯೂ ಕೇಳದವಳಂತೆ ಒಂದು ಗಳಿಗೆ ತಡೆದು ಏಳುವುದನ್ನು ನಾನು ರೂಢಿಸಿಕೊಂಡಿದ್ದೆ.

ಒಂದು ವರ್ಷ ತಾಲೂಕು ಮಟ್ಟದ ಆಟಗಳಿಗೆ ಶಿರಹಟ್ಟಿಗೆ ಹೋಗಿದ್ದೆವು. ಹುಡುಗಿಯರ ಜೊತೆ ಇನ್ನೊಬ್ಬ ಹೆಂಗಸು ಬೇಕೆಂದು ಹೆಡ್‌ಮಾಸ್ತರರು ನನ್ನನ್ನೂ ಕಳಿಸಿದ್ದರು. ಸಂಜೆ ನಾಲ್ಕರ ಸುಮಾರಿಗೆ ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ವಾಪಸು ಬಸ್ಸಿಗೆ ನಿಂತಿದ್ದೆವು. ಗದ್ದಲವಿತ್ತು. ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ನಮ್ಮ ಒಂಬತ್ತನೇ ಇಯತ್ತೆಯ ಹುಡುಗಿಗೆ ಒಮ್ಮೆ ತಾಗಿ ಹೋದ. ಎರಡನೇ ಸಲ ಬಂದಾಗ ಪೀಟಿ ಅಕ್ಕಾರು "ಸರಕೊಂಡು ಹೋಗ್ರಿ" ಎಂದು ಮೆಲ್ಲಗೆ ಅಂದರು. ಮೂರನೇ ಸಲ ಅವನ ಕೈ ಹುಡುಗಿಯ ಸೊಂಟಕ್ಕೆ ಬಂದಾಗ ಹೊಡೆದರು. ಒಂದೇ ಏಟು, ಅಂಗೈಯ ಬುಡದಿಂದ ದವಡೆಗೆ. ಅವನು ಕುಂಡೆಯೂರಿ ಕೂತುಬಿಟ್ಟ. ಜನ ಕೂಡಿದರು. ಅವನು ಕೈ ಮುಗಿದ, ಏನೇನೋ ಗೊಣಗಿದ, ಎದ್ದು ಹೋದ. ಎಲ್ಲ ಎರಡು ನಿಮಿಷದಲ್ಲಿ ಮುಗಿಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಆಮೇಲೆ ಪೀಟಿ ಅಕ್ಕಾರು ನನ್ನನ್ನು ಪಕ್ಕದ ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ ಮಿರ್ಚಿ ಭಜಿ ತರಿಸಿದರು. ಅವರು ಕರಿದದ್ದನ್ನು ತಿನ್ನುವವರಲ್ಲ. ಅವತ್ತು ಐದು ತಿಂದರು, ಒಂದರ ಹಿಂದೆ ಒಂದು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಪ್ಲೇಟು ಬೆಂಚಿನ ಮೇಲೆ ಗಡಗಡ ಸದ್ದು ಮಾಡುತ್ತಿತ್ತು.

"ಅಕ್ಕಾರ, ಒಂದು ಹೇಳ್ಲೇನು? ಯಾರ ಮುಂದೂ ಅನಬ್ಯಾಡ್ರಿ."

"ಹೇಳ್ರಿ."

"ಅವಗ ಇನ್ನೊಂದು ಹೊಡೀಬೇಕು ಅನಿಸ್ತು. ಅವ ಕೈ ಮುಗಿದ್ನಲ್ಲ, ಅದನ್ನ ನೋಡಿದ ಮ್ಯಾಲ ಅನಿಸಿದ್ದು."

ನಾನು ನಕ್ಕೆ. ಅದು ಚೇಷ್ಟೆಯ ಮಾತು ಎಂದು ತಿಳಿದೆ, ಅಥವಾ ಹಾಗೆ ತಿಳಿಯುವುದು ಸುಲಭವಾಗಿತ್ತು. ಮನೆಗೆ ಬಂದು ಆ ಪ್ರಸಂಗವನ್ನು ನನ್ನ ಧಾರಾವಾಹಿಗೆ ಬರೆದೆ. ನನ್ನ ಇನ್‌ಸ್ಪೆಕ್ಟರ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನಿಗೆ ಬಿಗಿದು, ತಂಪು ಕನ್ನಡಕ ಏರಿಸಿಕೊಂಡು, ತಿರುಗಿ ನೋಡದೆ ನಡೆದುಬಿಡುತ್ತಾಳೆ. ಆ ಕಂತಿಗೆ ಬಂದಷ್ಟು ಪತ್ರಗಳು ಮತ್ತೆ ಯಾವುದಕ್ಕೂ ಬರಲಿಲ್ಲ.

ಪೀಟಿ ಅಕ್ಕಾರು ಆ ಕಂತನ್ನು ಓದಿದರು. ಅವರು ನನ್ನದನ್ನು ಓದುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಮರುವಾರ ಕಿಟಕಿಯ ಹತ್ತಿರ ನಿಂತು ಕೇಳಿದರು.

"ಅಕ್ಕಾರ, ನಿಮ್ಮ ಇನ್‌ಸ್ಪೆಕ್ಟರ್ ಏಳು ಮಂದೀನ್ನ ಹೊಡೀತಾಳಲ್ರಿ, ಮರದಿವಸ ಆಕೀ ಕೈ ಹೆಂಗಿರ್ತೈತಿ?"

"ಅಂದ್ರ?"

"ಬಾವು ಬಂದಿರ್ತೈತಲ್ಲ. ಹಿಟ್ಟು ನಾದಾಕ ಆಗಂಗಿಲ್ಲ, ಹೆರಳು ಹಾಕ್ಕೊಳ್ಳಾಕ ಆಗಂಗಿಲ್ಲ. ಆಕೀಗೆ ಹೆರಳು ಯಾರು ಹಾಕ್ತಾರ?"

ಉಳಿದ ಅಕ್ಕಾರುಗಳು ನಕ್ಕರು. ನಾನೂ ನಕ್ಕೆ. ಆದರೆ ಮುಖ ಬಿಸಿಯಾದದ್ದು ನನಗೆ ತಿಳಿಯಿತು. "ಕಥಿ ಅಂದ ಮ್ಯಾಲ ಹಂಗೆಲ್ಲಾ ಕೇಳಬಾರದ್ರಿ" ಅಂದೆ. ಅವರು ಒಪ್ಪಿದವರಂತೆ ತಲೆಯಾಡಿಸಿದರು. ತಮ್ಮಷ್ಟಕ್ಕೆ ಎಂಬಂತೆ, "ಹೊಡಿಯೂದು ಒಂದು ಗಳಿಗಿ ಕೆಲಸ. ಅದರ ಹಿಂದಿಂದು ಮುಂದಿಂದು ದೊಡ್ಡದಿರ್ತೈತಿ" ಅಂದರು.

ಇದಾಗಿ ಎರಡು ವರ್ಷಕ್ಕೆ ಅವರು ನನ್ನ ಮೇಜಿನ ಮೇಲೆ ಮೂರು ರಜಿಸ್ಟರ್ ತಂದಿಟ್ಟರು. ಆಟದ ಸಾಮಾನಿನ ಹಳೆಯ ರಜಿಸ್ಟರುಗಳು. ಒಂದು ಕಡೆ ಎಷ್ಟು ಬಾಲು, ಎಷ್ಟು ಹಗ್ಗ ಎಂಬ ಪಟ್ಟಿ. ತಿರುವಿ ಹಾಕಿದರೆ ಇನ್ನೊಂದು ಕಡೆ ನೀಲಿ ಶಾಯಿಯಲ್ಲಿ ಒತ್ತೊತ್ತಾಗಿ ಒಂದು ಕಾದಂಬರಿ.

"ಅಕಾರ ಹಕಾರ ಭಾಳ ತಪ್ಪತಾವ ನನಗ. ಶುದ್ಧಲೇಖನ ನೋಡಿ ಕೊಡ್ರಿ ಅಕ್ಕಾರ. ಹಂಗ ಹೆಂಗೈತಿ ಅಂತನೂ ಹೇಳ್ರಿ."

ಒಂದು ರವಿವಾರ ನನ್ನ ಯಜಮಾನರು ಮುಂಡರಗಿಗೆ, ಅವರ ಅಣ್ಣನ ಮನೆಗೆ ಹೋಗಿದ್ದರು. ಊಟವಾದ ಮೇಲೆ ರಜಿಸ್ಟರು ಹಿಡಿದು ಕೂತೆ. ಕೈಯಲ್ಲಿ ಕೆಂಪು ಪೆನ್ನು. ನಾಲ್ಕು ಪುಟ ತಿದ್ದಿ ಮಲಗೋಣ ಎಂದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂರನೆಯ ರಜಿಸ್ಟರಿನ ಕೊನೆಯ ಹಾಳೆಯಲ್ಲಿದ್ದೆ.

ಅವರ ನಾಯಕಿ ಕಪ್ಪತಗುಡ್ಡದಲ್ಲಿ ಅರಣ್ಯ ಇಲಾಖೆಯ ಗಾರ್ಡ್. ಮೂವತ್ತನಾಲ್ಕು ವರ್ಷದವಳು, ಗಂಡ ಇದ್ದಾನೆ, ಐದು ವರ್ಷದ ಮಗಳಿದ್ದಾಳೆ. ಗುಡ್ಡದಲ್ಲಿ ಕದ್ದು ಕಲ್ಲು ಸಾಗಿಸುವವರಿದ್ದಾರೆ. ಇವಳ ಕೈಯಲ್ಲಿ ಒಂದು ಲಾಠಿ, ಸಿಗ್ನಲ್ ಸಿಗದ ಒಂದು ಫೋನು. ಮೊದಲ ಸಲ ಎದುರಾದಾಗ ಅವಳು ಸೋಲುತ್ತಾಳೆ. ಸೋಲುವುದೆಂದರೆ ಗಾಯಗೊಂಡು ಶೂರಳಾಗಿ ಬೀಳುವುದಲ್ಲ. ಮುಳ್ಳಿನ ಪೊದೆಯಲ್ಲಿ ಅಡಗಿ ಕೂರುತ್ತಾಳೆ, ಹೆದರಿಕೆಗೆ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾಳೆ, ಮರುದಿನ ಸಾಹೇಬರ ಮುಂದೆ "ಯಾರೂ ಕಾಣಲಿಲ್ಲರಿ" ಎಂದು ಸುಳ್ಳು ಹೇಳುತ್ತಾಳೆ. ಎರಡನೆಯ ಸಲ ಅವರಲ್ಲಿ ಒಬ್ಬನೇ ಒಬ್ಬ ಸಿಕ್ಕಿಬೀಳುತ್ತಾನೆ. ಹೊಡೆಯುತ್ತಾಳೆ. ಅವನು ಬಿದ್ದು ಕೈ ಮುಗಿಯುತ್ತಾನೆ. ಕೈ ಮುಗಿದ ಮೇಲೆ ಮತ್ತೆ ಮೂರು ಏಟು ಹೊಡೆಯುತ್ತಾಳೆ. ಮನೆಗೆ ಬಂದಾಗ ಮಗಳು ಓಡಿ ಬರುತ್ತಾಳೆ. ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಅಲ್ಲಿಂದ ಎಷ್ಟೋ ದಿನ ಮಗಳ ತಲೆ ಬಾಚುವುದನ್ನು ಗಂಡನಿಗೆ ಬಿಡುತ್ತಾಳೆ, ಕಾರಣ ಹೇಳುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಗುಡ್ಡ ಹತ್ತುವಾಗ ಯಾರಾದರೂ ಸಿಗಲಿ ಎಂದು ಕಾಯತೊಡಗುತ್ತಾಳೆ. ಮೂರನೆಯ ಸಲ ಸಿಕ್ಕವನನ್ನು ಹೊಡೆಯದೆ ಬಿಡುತ್ತಾಳೆ. ಅವನು ಹೋಗುವಾಗ ಇವಳ ಜೊತೆಗಾರನ ಕಾಲು ಮುರಿದು ಹೋಗುತ್ತಾನೆ. ತಾನು ಬಿಟ್ಟದ್ದು ಒಳ್ಳೆಯತನಕ್ಕೋ ಹೆದರಿಕೆಗೋ ಅವಳಿಗೆ ತಿಳಿಯುವುದಿಲ್ಲ. ಮರುದಿನ ಮತ್ತೆ ಬೂಟು ಕಟ್ಟಿಕೊಂಡು ಗುಡ್ಡ ಹತ್ತುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಓದಿ ಮುಗಿಸಿದಾಗ ನನ್ನ ಹೊಟ್ಟೆಯಲ್ಲಿ ಬಿಸಿ ಕಲ್ಲು ಇಟ್ಟಂತೆ ಆಗಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಎಷ್ಟು ವರ್ಷದಿಂದ ಮಕ್ಕಳಿಗೆ ಬಿಡಿಸಿ ಹೇಳಿದ್ದೆ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತುತ್ತದೆ ಎಂದು ಅವತ್ತು ತಿಳಿಯಿತು. ಶಿರಹಟ್ಟಿಯಲ್ಲಿ ನಾನೂ ಇದ್ದೆ. ನಡುಗುವ ಕೈಯನ್ನು ನಾನೂ ನೋಡಿದ್ದೆ, ಆ ಮಾತನ್ನು ಅವರು ಹೇಳಿದ್ದು ನನ್ನ ಕಿವಿಗೇ. ನಾನು ಅದರಿಂದ ತಂಪು ಕನ್ನಡಕ ಮಾಡಿದೆ. ಅವರು ಒಬ್ಬ ಹೆಣ್ಣನ್ನು ಮಾಡಿದರು. ಆಮೇಲೆ ಮೊದಲಿನಿಂದ ಸುರುಮಾಡಿ ಶುದ್ಧಲೇಖನ ತಿದ್ದಿದೆ. ತಪ್ಪುಗಳು ಬೇಕಾದಷ್ಟಿದ್ದವು. ಒಂದೊಂದು ಕೆಂಪು ಗೆರೆ ಎಳೆದಾಗಲೂ ಸ್ವಲ್ಪ ಹಾಯೆನಿಸಿತು.

ನಾಲ್ಕು ತಿಂಗಳು ಆ ರಜಿಸ್ಟರುಗಳನ್ನು ನನ್ನ ಕಪಾಟಿನಲ್ಲಿಟ್ಟುಕೊಂಡೆ. ಪರೀಕ್ಷೆ, ಪೇಪರ್ ನೋಡುವುದು, ಮದುವೆ ಎಂದು ನೆಪ ಹೇಳಿದೆ. ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ಕೊನೆಗೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ಹೇಳಿದೆ.

"ಚಲೋ ಐತ್ರಿ. ಆದ್ರ ಆ ಕೈ ಮುಗಿದವನ್ನ ಹೊಡಿಯೂದು ತಗೀರಿ. ಬಟ್ಟಿ ಹಸಿ ಮಾಡ್ಕೊಳ್ಳೂದೂ ಬ್ಯಾಡ. ಓದೋರು ಆಕೀನ್ನ ಇಷ್ಟಪಡಬೇಕಲ್ರಿ. ಹೆಣ್ಣಮಗಳನ್ನ ನಾಯಕಿ ಮಾಡಿದ ಮ್ಯಾಲ ಆಕೀ ಮರ್ಯಾದಿ ಕಾಯೂದು ಬರಿಯೋರ ಕೆಲಸ."

ಪುಸ್ತಕದ ಜೀವ ಅದರಲ್ಲೇ ಇದೆ ಎಂದು ನನಗೆ ಪೂರ್ತಿ ಗೊತ್ತಿತ್ತು. ಗೊತ್ತಿದ್ದೇ ಅದನ್ನೇ ಬೆರಳಿಟ್ಟು ತೋರಿಸಿದೆ. ಬೇರೆ ಯಾವುದನ್ನೂ ತೆಗೆಯಲು ಹೇಳಲಿಲ್ಲ.

ಅವರು ಅಂಗಿಯ ಕಿಸೆಯಿಂದ ಸಣ್ಣ ಡೈರಿ ತೆಗೆದು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಡ್ರಿಲ್ ಕಲಿಸಲು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಿದ್ದರು ಅವರು. "ನಿಮ್ಮಂಥವರು ಓದಿ ಹೇಳಿದ್ರಲ್ಲ, ಭಾಳ ಆತು" ಅಂದರು. ಮರುದಿನ ತಂಗಿ ಮಾಡಿದ ಶೇಂಗಾ ಹೋಳಿಗೆ ತಂದುಕೊಟ್ಟರು. ಅವರು ಮದುವೆಯಾಗಿರಲಿಲ್ಲ, ಗಂಡನನ್ನು ಕಳೆದುಕೊಂಡ ತಂಗಿಯ ಜೊತೆ ಇರುತ್ತಿದ್ದರು. ಹೋಳಿಗೆ ರುಚಿಯಾಗಿತ್ತು. ಎರಡು ತಿಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಮತ್ತೆ ಬಂದು ನನ್ನ ಎದುರು ನಿಂತರು. ಮುಖದಲ್ಲಿ ಸಂಕೋಚವಿತ್ತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ನೀವು ಹೇಳಿದಂಗ ಎಲ್ಲಾ ತಗದೆ. ತಗದು ಓದಿ ನೋಡಿದೆ. ಆಕಿ ನಿಮ್ಮ ಇನ್‌ಸ್ಪೆಕ್ಟರ್ ಹಂಗ ಆಗಿದ್ಲು. ಅದಕ್ಕ ತಿರಗಿ ಹಾಕಿದೆ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾದರೂ ಆಡಬಹುದಿತ್ತು. ನನ್ನ ಇನ್‌ಸ್ಪೆಕ್ಟರ್ ನನ್ನವಳು, ಇವಳು ಅವರವಳು, ಒಬ್ಬರ ಮಗಳ ಅಂಗಿ ಇನ್ನೊಬ್ಬರ ಮಗಳಿಗೆ ಹೊಂದಲಿಲ್ಲ, ಅಷ್ಟೇ ಅವರ ಲೆಕ್ಕ. ನಾನು ಬಿಡದೆ ಕೇಳಿದೆ, "ಓದೋರು ಆಕೀನ್ನ ಬೈಲಿ ಅಂತೇನು?"

"ಬೈಲಿ ಅಂತಲ್ಲರಿ" ಅಂದರು. "ಆಕೀ ಕೈಗೆ ಅಷ್ಟು ತಾಕತ್ತು ಕೊಟ್ಟಿವಿ. ಅದು ಮಂದೀಗಷ್ಟ ಏನರೆ ಮಾಡಿ ಆಕೀಗೆ ಏನೂ ಮಾಡಲಿಲ್ಲಂದ್ರ ಹೆಂಗ? ಬಂದೂಕು ಹಾರಿಸಿದ್ರ ಹಾರಿಸಿದವರ ಭುಜಕ್ಕೂ ಒದೀತೈತಂತ."

ಬೆಟಗೇರಿಯ ಒಬ್ಬ ಸಣ್ಣ ಮುದ್ರಕರು ಅದನ್ನು ಪುಸ್ತಕ ಮಾಡಿದರು. ಬಿಡುಗಡೆ ಮುಂಡರಗಿಯಲ್ಲಿ, ಓದುವ ಹವ್ಯಾಸದ ಕೆಲವರು ಸೇರಿ ಇಟ್ಟುಕೊಂಡ ಒಂದು ಬೆಳಗಿನ ಕಾರ್ಯಕ್ರಮ. ಪುಸ್ತಕದ ಬಗ್ಗೆ ಮಾತಾಡಲು ಪೀಟಿ ಅಕ್ಕಾರು ನನ್ನ ಹೆಸರನ್ನೇ ಹೇಳಿದ್ದರು. ಬೇಡವೆನ್ನಲು ಆಗಲಿಲ್ಲ. ಬೇಡವೆನ್ನಲು ಮನಸ್ಸೂ ಇರಲಿಲ್ಲ, ಯಾಕೆಂದರೆ ಏನು ಹೇಳಬೇಕೆಂದು ನಾನು ಆಗಲೇ ಯೋಚಿಸಿಟ್ಟುಕೊಂಡಿದ್ದೆ. ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಪ್ಪತಗುಡ್ಡದಲ್ಲಿ ಗಾರ್ಡ್ ಆಗಿದ್ದಳು. ಹಿರೇವಡ್ಡಟ್ಟಿಯ ಹುಡುಗಿ. ಪೀಟಿ ಅಕ್ಕಾರು ಎಷ್ಟೋ ರವಿವಾರ ಅವಳ ಜೊತೆ ಗುಡ್ಡ ತಿರುಗಿದ್ದು ನನಗೆ ಗೊತ್ತಿತ್ತು.

ಮೈಕಿನ ಮುಂದೆ ನಿಂತು ನಾನು ಮೃದುವಾಗಿ ಮಾತಾಡಿದೆ. ಹೊಗಳಿದೆ. ಹೊಗಳುತ್ತ ಹೊಗಳುತ್ತ, "ಇದರ ದೊಡ್ಡ ಗುಣ ಅಂದರೆ ಪ್ರಾಮಾಣಿಕತೆ. ತಮ್ಮ ವಿದ್ಯಾರ್ಥಿನಿ ಅನುಭವಿಸಿ ಹೇಳಿದ್ದನ್ನು ಒಂದು ಅಕ್ಷರ ಬದಲಿಸದೆ ದಾಖಲು ಮಾಡಿದ್ದಾರೆ. ಇಲ್ಲಿ ಕಲ್ಪನೆಯ ಗೊಡವೆಯಿಲ್ಲ" ಅಂದೆ. ಕೇಳಿದವರಿಗೆ ಅದು ಮೆಚ್ಚುಗೆಯಂತೆಯೇ ಕೇಳಿಸಿತು. ಬರೆಯುವವರಿಗೆ ಮಾತ್ರ ಅದು ಎಂಥ ಏಟು ಎಂದು ತಿಳಿಯುತ್ತದೆ. ಪೀಟಿ ಅಕ್ಕಾರು ಕೈ ಕಟ್ಟಿಕೊಂಡು ನನ್ನನ್ನು ನೋಡುತ್ತ ಕೂತಿದ್ದರು.

ಆಗ ಹಿಂದಿನ ಸಾಲಿನಿಂದ ಆ ಗಾರ್ಡ್ ಹುಡುಗಿ ಎದ್ದು ನಿಂತಳು. ಡ್ಯೂಟಿಯಿಂದ ನೇರ ಬಂದಿದ್ದಳು, ಖಾಕಿ ಹಾಕಿಕೊಂಡಿದ್ದಳು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ" ಎಂದು ನನ್ನ ಕಡೆ ನೋಡಿ ಹೇಳಿದಳು. ಅವಳು ನನಗೂ ವಿದ್ಯಾರ್ಥಿನಿ. "ನಾ ಪೀಟಿ ಅಕ್ಕಾರಿಗೆ ಗುಡ್ಡ ತೋರಿಸೀನಿ. ದಾರಿ ಯಾವವು, ಡ್ಯೂಟಿ ಹೆಂಗ ಅಂತ ಹೇಳೀನಿ. ಪುಸ್ತಕದೊಳಗ ಏನೈತಲ್ಲ, ಹೊಡದ ಮ್ಯಾಲ ಮಗಳನ್ನ ಮುಟ್ಟಾಕ ಹೆದರೂದು, ಅದನ್ನ ನಾ ಯಾರಿಗೂ ಹೇಳಿಲ್ಲ. ನಮ್ಮ ಮನಿಯವರಿಗೂ ಹೇಳಿಲ್ಲ. ಓದಿದಾಗ ನನಗ ಎದಿ ಧಸ್ ಅಂತು. ಇವರಿಗೆ ಹೆಂಗ ಗೊತ್ತಾತು ಅಂತ ನಾ ಕೇಳಾಕ ಬಂದೀನಿ."

ಎಲ್ಲರೂ ಪೀಟಿ ಅಕ್ಕಾರ ಕಡೆ ನೋಡಿದರು.

"ಗೊತ್ತಿರಲಿಲ್ಲವ್ವಾ" ಅಂದರು ಅವರು. "ನನಗ ಮಗಳಿಲ್ಲ. ಇದ್ದಿದ್ರ ಏನು ಮಾಡ್ತಿದ್ದೆ ಅಂತ ವಿಚಾರ ಮಾಡಿದೆ. ಒಂದು ವರ್ಷ ಹಿಡೀತು."

ಚಪ್ಪಾಳೆ ಬಹಳ ಹೊತ್ತು ನಡೆಯಿತು. ನಾನೂ ತಟ್ಟಿದೆ. ಕೈ ಬಡಿಯುತ್ತ ನಾನು ಯೋಚಿಸುತ್ತಿದ್ದದ್ದು, ಆ 'ಒಂದು ವರ್ಷ' ಎಂಬ ಮಾತಿನ ಬಗ್ಗೆ. ನಾನು ನನ್ನ ನಾಯಕಿಯ ಬಗ್ಗೆ ಒಂದು ವರ್ಷ ಇರಲಿ, ಒಂದು ದಿನವೂ ವಿಚಾರ ಮಾಡಿರಲಿಲ್ಲ. ಅವಳು ಮುಂದೆ ಯಾರನ್ನು ಹೊಡೆಯುತ್ತಾಳೆ ಎಂದಷ್ಟೇ ವಿಚಾರ ಮಾಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಅವರು ಆ ಮಾತು ಎತ್ತಲೇ ಇಲ್ಲ. "ಗಂಟಲು ಒಣಗಿರಬೇಕು ನಿಮಗ" ಎಂದು ತಮ್ಮ ನೀರಿನ ಬಾಟ್ಲಿ ಕೊಟ್ಟರು. ಕ್ಷಮೆ ಕೇಳುವ ಮನಸ್ಸು ಆಗಲಿಲ್ಲ. ಇವರು ಸಿಟ್ಟಾದರೂ ಆಗಬಾರದೇ ಎಂದು ಇನ್ನಷ್ಟು ಉರಿಯಿತು.

ಅವರ ಪುಸ್ತಕ ಕೈಯಿಂದ ಕೈಗೆ ಹೋಯಿತು. ನನ್ನ ಕ್ಲಾಸಿನಲ್ಲೇ ಹಿಂದಿನ ಬೆಂಚಿನ ಹುಡುಗಿಯರು ಅದನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದರು. ಒಬ್ಬಳಿಂದ ಕಸಿದುಕೊಂಡೆ, ಪಾಠದ ಹೊತ್ತಿನಲ್ಲಿ ಕಥೆ ಓದುವುದು ತಪ್ಪು ಎಂದು ಬೈದೆ. ಅದೇ ಹುಡುಗಿ ಹಿಂದಿನ ವರ್ಷ ನನ್ನ ಕಾದಂಬರಿ ಓದುವಾಗ ಸಿಕ್ಕಿಬಿದ್ದಿದ್ದಳು. ಆಗ ನಾನು ನಕ್ಕು ಸುಮ್ಮನಾಗಿದ್ದೆ. ಅದು ಅವಳಿಗೂ ನೆನಪಿತ್ತು, ಅವಳು ನೋಡಿದ ರೀತಿಯಲ್ಲಿ ತಿಳಿಯಿತು.

ಐದನೆಯ ಕಾದಂಬರಿಯಲ್ಲಿ ನನ್ನ ಇನ್‌ಸ್ಪೆಕ್ಟರಿಗೆ ಹೆದರಿಕೆ ಕೊಡಲು ನೋಡಿದೆ. ಅಡಿಗೆ ಆದ ಮೇಲೆ ಉಪ್ಪು ಉದುರಿಸಿದಂತೆ ಅಲ್ಲಲ್ಲಿ ಎರಡು ಕಣ್ಣೀರು, ಒಂದು ಕೆಟ್ಟ ಕನಸು ಹಾಕಿದೆ. ಸಂಪಾದಕರು ಸಭ್ಯವಾಗಿ ವಾಪಸು ಕಳಿಸಿದರು. ಅದಾದ ಮೇಲೆ ನಾನು ಬರೆದಿಲ್ಲ. ಯಾರಾದರೂ ಕೇಳಿದರೆ ಮನೆಯ ಕೆಲಸ, ಕಣ್ಣಿನ ತೊಂದರೆ ಎನ್ನುತ್ತೇನೆ.

ಪೀಟಿ ಅಕ್ಕಾರು ನಿವೃತ್ತರಾದ ಎರಡನೆಯ ವರ್ಷಕ್ಕೆ ಕಾಯಿಲೆ ಬಿದ್ದರು. ಶಾಲೆಯಿಂದ ಎಲ್ಲರೂ ನೋಡಿ ಬಂದರು. ಲಕ್ಷ್ಮೇಶ್ವರದಿಂದ ಶಿಗ್ಲಿ ಎಷ್ಟು ದೂರ, ಆಟೋದಲ್ಲಿ ಹೋಗಿ ಬರಬಹುದು. ನಾನು ಹೋಗಲಿಲ್ಲ. ಎರಡು ಸಲ ಫೋನು ಮಾಡಿದ್ದರು. "ಬರ್ರಿ ಅಕ್ಕಾರ, ಒಂದಿಷ್ಟು ಮಾತಾಡೂದೈತಿ" ಅಂದಿದ್ದರು. ಮುಂದಿನ ವಾರ ಎಂದೆ. ಎರಡು ಸಲವೂ ಹಾಗೇ ಎಂದೆ.

ಹೋದದ್ದು ಅವರು ಹೋದ ಐದನೆಯ ದಿನ. ಅವರ ತಂಗಿ ಬಾಗಿಲಲ್ಲೇ ಗುರುತು ಹಿಡಿದು ಒಳಗೆ ಕರೆದಳು. "ಕುಂಡ್ರಿ ಅಕ್ಕಾರ" ಎಂದು ಚಾಪೆ ಹಾಸಿದಳು. ನೀರು ಕೊಟ್ಟಳು. ಅಳು ಎಲ್ಲ ಮುಗಿದು ಸುಸ್ತಾದ ಮನೆ ಅದು. ಒಳಗೆ ಹೋಗಿ ಒಂದು ರಜಿಸ್ಟರ್ ತಂದು ನನ್ನ ಮುಂದೆ ಇಟ್ಟಳು.

"ಇದನ್ನ ನಿಮಗ ಕೊಡಂತ ಹೇಳಿದ್ಲು. ಹಾಸಿಗಿ ಮ್ಯಾಲ ಕುಂತು ಬರದದ್ದು. ಅರ್ಧ ಆಗೈತಿ. ನನಗ ಅಷ್ಟು ಓದಾಕ ಬರಂಗಿಲ್ಲ. ನೀವ ನೋಡಿ ಹೇಳ್ರಿ."

ಅಲ್ಲೇ ಕೂತು ಓದಿದೆ. ಎದುರಿಗೆ ತಂಗಿ ಮೊರದಲ್ಲಿ ಶೇಂಗಾ ಹಾಕಿಕೊಂಡು ಒಡೆಯುತ್ತ ಕೂತಳು.

ಅದೇ ಗಾರ್ಡ್ ಹೆಣ್ಣಿನ ಮುಂದಿನ ಕತೆ. ಈ ಸಲ ಅವಳ ಆಫೀಸಿನಲ್ಲಿ ಒಬ್ಬ ಕ್ಲಾರ್ಕ್ ಹೆಂಗಸಿದ್ದಾಳೆ. ಗಾರ್ಡ್‌ಗೆ ಸಾಹೇಬರಿಂದ ಶಭಾಸ್ ಸಿಕ್ಕಾಗಲೆಲ್ಲ ಈ ಹೆಂಗಸು ಎಲ್ಲರಿಗಿಂತ ಮೊದಲು ಎದ್ದು ಬಂದು ಕೈ ಹಿಡಿಯುತ್ತಾಳೆ. 'ಚಲೋ ಆತು' ಅನ್ನುತ್ತಾಳೆ, ಉಸಿರು ತೆಗೆದುಕೊಂಡು 'ಆದ್ರ' ಅನ್ನುತ್ತಾಳೆ. ಆ 'ಆದ್ರ'ದ ಮುಂದೆ ಏನಾದರೊಂದು ಇರುತ್ತದೆ. ಇದು ಅಣಕವಾಗಿರುತ್ತದೆ, ಸೇಡು ತೀರಿಸಿಕೊಂಡಿದ್ದಾರೆ ಎಂದು ಹಾಳೆ ಮಗುಚಿದೆ. ಅಣಕವಲ್ಲ. ಆ ಕ್ಲಾರ್ಕ್ ಮನೆಗೆ ಹೋಗಿ ಒಬ್ಬಳೇ ಏನು ಮಾಡುತ್ತಾಳೆ, ತನ್ನ ಮಾತಿಗೆ ತಾನೇ ಹೇಗೆ ನಾಚುತ್ತಾಳೆ, ನಾಚಿದ ಮೇಲೂ ಮರುದಿನ ಹೇಗೆ ಅದನ್ನೇ ಮಾಡುತ್ತಾಳೆ, ಎಲ್ಲ ಇತ್ತು. ಒಂದು ಕಡೆ ಆ ಗಾರ್ಡ್ ತನ್ನ ಗಂಡನಿಗೆ ಹೇಳುತ್ತಾಳೆ: 'ಆಕಿ ಮ್ಯಾಲ ನನಗ ಸಿಟ್ಟಿಲ್ಲ. ನಾ ಮಾಡೂ ಕೆಲಸದೊಳಗ ಯಾವುದು ಚಲೋ ಅಂತ ಈ ಆಫೀಸಿನಾಗ ಗೊತ್ತಿರೂದು ಆಕಿ ಒಬ್ಬಾಕಿಗೆ. ಹೊಟ್ಟಿಕಿಚ್ಚಿನವರಷ್ಟು ಲಕ್ಷ್ಯ ಕೊಟ್ಟು ನಮ್ಮನ್ನ ಯಾರೂ ನೋಡಂಗಿಲ್ಲ.'

ಅವರಿಗೆ ಎಲ್ಲ ಗೊತ್ತಿತ್ತು. ನಾಲ್ಕು ತಿಂಗಳ ನೆಪ, ಕೊಟ್ಟ ಸಲಹೆ, ಮುಂಡರಗಿಯ ಭಾಷಣ, ಎಲ್ಲ. ಗೊತ್ತಿದ್ದೂ ನೀರಿನ ಬಾಟ್ಲಿ ಕೊಟ್ಟಿದ್ದರು.

ಕತೆ ನಡುವೆ ನಿಂತಿತ್ತು. ಗಾರ್ಡ್ ಗುಡ್ಡದ ಮೇಲೆ ಒಬ್ಬಳೇ ಇದ್ದಾಳೆ, ಅವಳಿಗಾಗಿ ಕಾದು ಕೂತವರಿದ್ದಾರೆ ಎಂಬ ಖಬರು ಆಫೀಸಿಗೆ ಬರುತ್ತದೆ. ಫೋನು ಎತ್ತಿದವಳು ಆ ಕ್ಲಾರ್ಕ್. ಆಫೀಸಿನಲ್ಲಿ ಬೇರೆ ಯಾರೂ ಇಲ್ಲ. ಅಲ್ಲಿಗೆ ಶಾಯಿ ಮುಗಿದಿತ್ತು.

ಆಗಲೂ ನನಗೆ ಅನಿಸಿದ್ದನ್ನೇ ಹೇಳುತ್ತೇನೆ. ನನ್ನನ್ನು ನಾನೇ ಬರೆದುಕೊಂಡಿದ್ದರೂ ಇಷ್ಟು ಚೆನ್ನಾಗಿ ಬರೆಯಲು ಆಗುತ್ತಿರಲಿಲ್ಲ ಎಂದು ಹೊಟ್ಟೆ ಉರಿಯಿತು.

ತಂಗಿ ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು, "ಹೆಂಗೈತ್ರಿ ಅಕ್ಕಾರ?"

"ಚಲೋ ಐತಿ" ಅಂದೆ. ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡೆ. "ಭಾಳ ಚಲೋ ಐತಿ. ನನಗ ಹಿಂಗ ಬರಿಯಾಕ ಬರಂಗಿಲ್ಲವ್ವಾ. ಯಾವತ್ತೂ ಬಂದಿಲ್ಲ."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಇದನ್ನ ಆಕಿ ಮುಂದ ಅಂದಿದ್ರ ಎಷ್ಟು ಹಿಗ್ಗುತಿದ್ಲೋ ಏನೋ" ಅಂದಳು. "ಕಡೀಕ ಎರಡು ದಿವಸ ಬಾಗಲಾ ನೋಡ್ಕೋತ ಮಲಗಿದ್ಲು. ಅಕ್ಕಾರು ಬಂದ್ರೇನು, ಅಕ್ಕಾರು ಬಂದ್ರೇನು ಅಂತ ಕೇಳ್ತಿದ್ಲು. ನಾ ಯಾರೋ ಬ್ಯಾರೆ ಅಕ್ಕಾರು ಇರಬೇಕು ಅಂತ ತಿಳ್ಕೊಂಡಿದ್ದೆ. ನಿಮ್ಮ ದಾರೀನ ಕಾಯ್ತಿದ್ಲು ಅಂತ ಈಗ ತಿಳೀತು."